ಬಿಸಿಎಎ ಡಬ್ಬಿಯ ದುಡ್ಡು ಹುರುಳಿಗೂ ಮೊಟ್ಟೆಗೂ: ತೂಕ ಇಳಿಸಿದ ನನ್ನ ಅನುಭವ

ಹಾಸನದಲ್ಲಿ ಔಷಧಿ ಅಂಗಡಿ ನಡೆಸುವವಳು ನಾನು. ನಲವತ್ತು ದಾಟಿದ ಮೇಲೆ ಜಿಮ್ ಸೇರಿ ಭಾರ ಎತ್ತಲು ಕಲಿತವಳು. ಹೀಗಾಗಿ ಜಿಮ್ಮಿನವರು ನೀರಿಗೆ ಬೆರೆಸಿ ಕುಡಿಯುವ ಬಿಸಿಎಎಯಂತಹ ಅಮೈನೊ ಆಮ್ಲದ ಪುಡಿಗಳ ಪ್ರಶ್ನೆ ನನಗೆ ಎರಡು ಕಡೆಯಿಂದ ಬರುತ್ತದೆ. ಬೆಳಿಗ್ಗೆ ಜಿಮ್ಮಿನ ಜೊತೆಗಾರ್ತಿಯರು ಕೇಳುತ್ತಾರೆ, ಸಂಜೆ ಅಂಗಡಿಯ ಮುಂದೆ ನಿಂತ ಹುಡುಗರು ಕೇಳುತ್ತಾರೆ: "ಅಕ್ಕಾ, ಬಿಸಿಎಎ ಕುಡಿದರೆ ಹೊಟ್ಟೆ ಕರಗುತ್ತದೆಯೇ?" ಕರಗುವುದಿಲ್ಲ. ನನ್ನ ತೂಕ 74 ಕಿಲೋದಿಂದ 66ಕ್ಕೆ ಇಳಿದದ್ದು ಬೇರೆ ದಾರಿಯಲ್ಲಿ.

ನಮ್ಮ ದೇಹದ ಪ್ರೋಟೀನ್ 20 ಬಗೆಯ ಅಮೈನೊ ಆಮ್ಲಗಳಿಂದ ಆಗಿದೆ. ಅವುಗಳಲ್ಲಿ 9 ಊಟದಿಂದಲೇ ಬರಬೇಕು, ದೇಹ ತಾನೇ ತಯಾರಿಸಿಕೊಳ್ಳಲಾರದು. ಬಿಸಿಎಎ ಡಬ್ಬಿಯಲ್ಲಿರುವುದು ಆ ಒಂಬತ್ತರಲ್ಲಿ ಮೂರು ಮಾತ್ರ: ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್. ಸ್ನಾಯು ಕಟ್ಟುವ ಕೆಲಸಕ್ಕೆ ಚಾಲನೆ ಕೊಡುವುದು ಲ್ಯೂಸಿನ್ ಎಂಬ ಮಾತು ನಿಜ. ಆದರೆ ಚಾಲನೆ ಸಿಕ್ಕರೆ ಸಾಲದು. ಸಕಲೇಶಪುರದ ಕಡೆ ಕಾಫಿ ಕೊಯ್ಲಿನಲ್ಲಿ ಮೇಸ್ತ್ರಿ ಎಷ್ಟು ಕೂಗಿದರೂ ಆಳುಗಳು ಬಾರದಿದ್ದರೆ ಹಣ್ಣು ಗಿಡದಲ್ಲೇ ಉಳಿಯುತ್ತದೆ. ಉಳಿದ ಆರು ಅಮೈನೊ ಆಮ್ಲಗಳು ಆ ಹೊತ್ತಿಗೆ ಊಟದಿಂದ ಬಂದಿರದಿದ್ದರೆ ದೇಹ ಅವುಗಳನ್ನು ಇರುವ ಸ್ನಾಯುವನ್ನೇ ಒಡೆದು ತೆಗೆದುಕೊಳ್ಳುತ್ತದೆ. 2017ರಲ್ಲಿ ರಾಬರ್ಟ್ ವುಲ್ಫ್ ಎಂಬ ವಿಜ್ಞಾನಿ ಆವರೆಗಿನ ಸಂಶೋಧನೆಗಳನ್ನು ಪರಿಶೀಲಿಸಿ, ಬರೀ ಬಿಸಿಎಎಯಿಂದ ಸ್ನಾಯು ಬೆಳೆಯುತ್ತದೆ ಎನ್ನಲು ಆಧಾರವಿಲ್ಲ ಎಂದು ಬರೆದರು. ಅದೇ ವರ್ಷ ಬ್ರಿಟನ್ನಿನಲ್ಲಿ ನಡೆದ ಒಂದು ಪ್ರಯೋಗದಲ್ಲಿ ವ್ಯಾಯಾಮದ ನಂತರ 5.6 ಗ್ರಾಂ ಬಿಸಿಎಎ ಕುಡಿದವರಲ್ಲಿ ಸ್ನಾಯು ಪ್ರೋಟೀನಿನ ತಯಾರಿ ಶೇ 22ರಷ್ಟು ಹೆಚ್ಚಿತು. ಡಬ್ಬಿ ಮಾರುವವರು ಇದನ್ನು ಹೇಳುತ್ತಾರೆ. ಅಷ್ಟೇ ಬಿಸಿಎಎ ಇರುವ ವೇ ಪ್ರೋಟೀನಿನಿಂದ (ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ) ಸಿಗುವ ಏರಿಕೆಯ ಅರ್ಧದಷ್ಟೇ ಅದು ಎಂಬ ಮಾತನ್ನು ಮಾತ್ರ ಬಿಡುತ್ತಾರೆ.

ಗಿರಾಕಿಗಳಿಗೆ ಹೇಳುವ ಮುನ್ನ ನಾನೇ ಬಳಸಿ ನೋಡಬೇಕೆಂದು ಒಂದು ಡಬ್ಬಿ ಮುಗಿಯುವವರೆಗೆ ಕುಡಿದೆ, ಆಮೇಲೆ ಅಷ್ಟೇ ಕಾಲ ಬಿಟ್ಟು ನೋಡಿದೆ. ಎರಡೂ ಅವಧಿಯಲ್ಲಿ ಊಟ, ನಿದ್ದೆ, ವ್ಯಾಯಾಮ ಒಂದೇ ಬಗೆ. ಸ್ಕ್ವಾಟ್‌ನಲ್ಲಿ ಎತ್ತುವ ಭಾರ ಒಂದೇ ವೇಗದಲ್ಲಿ ಏರಿತು, ಸೊಂಟದ ಅಳತೆ ಒಂದೇ ವೇಗದಲ್ಲಿ ಇಳಿಯಿತು. ಡೆಡ್‌ಲಿಫ್ಟ್ ಮಾಡಿದ ಮರುದಿನದ ಮೈಕೈ ನೋವು ತುಸು ಕಡಿಮೆ ಎನಿಸಿತು, ಅಷ್ಟೇ. ಒಬ್ಬಳ ಅನುಭವದಿಂದ ಏನನ್ನೂ ಸಾಬೀತು ಮಾಡಲಾಗದು ಎಂದು ಬಲ್ಲೆ. ಆದರೆ ಸಂಶೋಧನೆಗಳು ಹೇಳುವುದಕ್ಕೆ ವಿರುದ್ಧವಾದದ್ದೇನೂ ನನ್ನ ಮೈಯಲ್ಲಿ ಕಾಣಲಿಲ್ಲ.

ಇನ್ನು ಲೆಕ್ಕ. ತಿಂಗಳಿಗೆ ಬರುವ ಒಂದು ಡಬ್ಬಿಗೆ ಸುಮಾರು 1500 ರೂಪಾಯಿ ಎಂದುಕೊಳ್ಳಿ, ದಿನಕ್ಕೆ 50 ರೂಪಾಯಿ. ಸಿಗುವುದು 5 ಗ್ರಾಂ ಬಿಸಿಎಎ. ಅಷ್ಟೇ ಬಿಸಿಎಎ ನಾಲ್ಕು ಮೊಟ್ಟೆಯಲ್ಲಿದೆ. ಒಂದು ಮೊಟ್ಟೆಗೆ 7 ರೂಪಾಯಿ ಎಂದರೂ 28 ರೂಪಾಯಿ. ಮೂರರ ಬದಲು ಒಂಬತ್ತೂ ಸಿಗುತ್ತವೆ, ಒಟ್ಟು 24 ಗ್ರಾಂ ಪ್ರೋಟೀನ್ ಸಿಗುತ್ತದೆ, ಹೊಟ್ಟೆಯೂ ತುಂಬುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಸಾಮಾನ್ಯ ವಯಸ್ಕರಿಗೆ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. ಭಾರ ಎತ್ತುವವರಿಗೆ ಸುಮಾರು 1.6 ಗ್ರಾಂವರೆಗೆ ಲಾಭವಿದೆ. 49 ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆ ಅದರಾಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ. ನಾನು ಈಗಿನ ತೂಕದ ಬದಲು ತಲುಪಬೇಕೆಂದಿದ್ದ 62 ಕಿಲೋ ಹಿಡಿದು ಲೆಕ್ಕ ಹಾಕಿದೆ: ದಿನಕ್ಕೆ ನೂರು ಗ್ರಾಂ. ನಾನು ನಿಜವಾಗಿ ಎಷ್ಟು ತಿನ್ನುತ್ತಿದ್ದೇನೆಂದು ಬರೆದಿಟ್ಟು ನೋಡಿದಾಗ ಅದರ ಅರ್ಧವೂ ಇರಲಿಲ್ಲ.

ಕಾರಣ ನಮ್ಮ ಕಡೆಯ ತಾಟಿನಲ್ಲೇ ಇದೆ. ಬೆಳಿಗ್ಗೆ ಅಕ್ಕಿರೊಟ್ಟಿ ಅಥವಾ ಚಿತ್ರಾನ್ನ, ಮಧ್ಯಾಹ್ನ ಮುದ್ದೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ ಮಾತ್ರ. ಜೊತೆಗೆ ಹುರುಳಿಕಟ್ಟಿನ ಸಾರು. ಆ ಸಾರಿನ ರುಚಿಗೆ ಸಾಟಿ ಬೇರೆಯಿಲ್ಲ. ಆದರೆ ಹುರುಳಿಯನ್ನು ಬೇಯಿಸಿ ಕಟ್ಟು ಬಸಿದ ಮೇಲೆ ಕಾಳು ಎಲ್ಲಿಗೆ ಹೋಗುತ್ತದೆ ನೋಡಿ. ನನ್ನ ತವರಿನಲ್ಲಿ ಅದು ಕೊಟ್ಟಿಗೆಗೆ, ಎತ್ತುಗಳಿಗೆ. ದುಡಿಯುವ ಎತ್ತಿಗೆ ಹುರುಳಿ ಬೇಕೆಂದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಗದ್ದೆಯಲ್ಲಿ ಅಷ್ಟೇ ದುಡಿದ ಹೆಂಗಸರಿಗೆ ಉಳಿದದ್ದು ಬಸಿದ ನೀರು. 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಅದರ ಬಹುಪಾಲು ಕಾಳಿನಲ್ಲೇ ಉಳಿದಿರುತ್ತದೆ. ನಾನು ಮಾಡಿದ ಮೊದಲ ಬದಲಾವಣೆಯೆಂದರೆ ಆ ಕಾಳಿಗೆ ಈರುಳ್ಳಿ, ಒಣಮೆಣಸಿನಕಾಯಿ, ಕಾಯಿತುರಿ ಹಾಕಿ ಪಲ್ಯ ಮಾಡಿ ಮುದ್ದೆಯ ಪಕ್ಕಕ್ಕೆ ಇಟ್ಟುಕೊಂಡದ್ದು. ಬಸ್ಸಾರು ಮಾಡುವ ದಿನವಂತೂ ಪಲ್ಯ ಹೇಗೂ ಇರುತ್ತದೆ. ಸಾರಿಗಿಂತ ಪಲ್ಯವನ್ನು ಹೆಚ್ಚು ಬಡಿಸಿಕೊಂಡರಾಯಿತು. ಊಟದಿಂದಲೇ ಬರಬೇಕಾದ ಆ ಒಂಬತ್ತರ ಪೈಕಿ ಧಾನ್ಯದಲ್ಲಿ ಲೈಸಿನ್ ಕಡಿಮೆ, ಬೇಳೆಕಾಳಿನಲ್ಲಿ ಮೆಥಿಯೊನಿನ್ ಕಡಿಮೆ. ಮುದ್ದೆಯೂ ಕಾಳೂ ಒಂದೇ ದಿನ ಹೊಟ್ಟೆ ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಧನುರ್ಮಾಸದಲ್ಲಿ ಸೊಗಡಿನ ಅವರೆಕಾಯಿ ಬಂದಾಗ ಹುರುಳಿಯ ಜಾಗಕ್ಕೆ ಅದು.

ಉಳಿದದ್ದು ಹೀಗೆ: ಬೆಳಿಗ್ಗೆ ಮೂರು ಮೊಟ್ಟೆ, ಒಂದು ಲೋಟ ಹಾಲು. ಮಧ್ಯಾಹ್ನ ಒಂದು ಸಣ್ಣ ಮುದ್ದೆ, 50 ಗ್ರಾಂ ಹುರುಳಿಯ ಪಲ್ಯ, ಒಂದು ಬಟ್ಟಲು ಮೊಸರು. ಸಂಜೆ ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ. ರಾತ್ರಿ 150 ಗ್ರಾಂ ಕೋಳಿ, ಇಲ್ಲವೇ 40 ಗ್ರಾಂ ಸೋಯಾ ಚಂಕ್ಸ್ ಹಾಕಿದ ಪಲ್ಯ. ಸೋಯಾದ ದಿನ ಒಂದು ಸ್ಕೂಪ್ (ಡಬ್ಬಿಯೊಳಗೇ ಬರುವ ದೊಡ್ಡ ಅಳತೆ ಚಮಚ) ವೇ ಪ್ರೋಟೀನ್ ಸೇರಿಸಿದರೆ ನೂರರ ಹತ್ತಿರ ಬರುತ್ತದೆ. ಮನೆಯಲ್ಲಿ ಸೋಮವಾರ, ಶನಿವಾರ ಮಾಂಸ ಮಾಡುವುದಿಲ್ಲ. ಶ್ರಾವಣ ಪೂರ್ತಿ ಮೊಟ್ಟೆಯೂ ಇಲ್ಲ. ಆಗ ಪನ್ನೀರ್, ಸೋಯಾ, ವೇ ಮೇಲೆ ಭಾರ ಬೀಳುತ್ತದೆ. ಡಬ್ಬಿಯ ಪುಡಿಗೆ ನನ್ನ ಅಡುಗೆಮನೆಯಲ್ಲಿ ಜಾಗ ಸಿಕ್ಕಿರುವುದು ಇಂತಹ ದಿನಗಳಿಂದ.

ಕೊಬ್ಬು ಇಳಿಯಲು ಮಾಡಿದ್ದು ಬೇರೆ. ಕಾಫಿ ಸೀಮೆಯವರಾದ ನಮಗೆ ದಿನಕ್ಕೆ ಐದು ಲೋಟ ಕಾಫಿ ಸಾಮಾನ್ಯ. ಲೋಟಕ್ಕೆ ಎರಡು ಚಮಚ ಸಕ್ಕರೆಯೆಂದರೆ 40 ಕ್ಯಾಲೊರಿ, ಐದಕ್ಕೆ 200. ಸಕ್ಕರೆ ಬಿಟ್ಟೆ, ಕಾಫಿ ಬಿಡಲಿಲ್ಲ. ಸಂಜೆಯ ಬೋಂಡಾ ನಿಂತಿತು, ಒಗ್ಗರಣೆಯ ಎಣ್ಣೆ ಅಳತೆಗೆ ಬಂತು. ಒಟ್ಟು ದಿನಕ್ಕೆ 400 ಕ್ಯಾಲೊರಿಯಷ್ಟು ಕಡಿಮೆಯಾಯಿತು. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಇರುತ್ತದೆ. ಆ ಲೆಕ್ಕದಲ್ಲಿ ಎಂಟು ಕಿಲೋಗೆ ಐದು ತಿಂಗಳು ಸಾಕು, ಆದರೆ ತೂಕ ಅದಕ್ಕಿಂತ ನಿಧಾನಕ್ಕೇ ಇಳಿಯಿತು, ಒಂದು ವರ್ಷದ ಆಸುಪಾಸು ಬೇಕಾಯಿತು. ಭಾರ ಎತ್ತುವ ದಿನಗಳ ನಡುವೆ ಜಿಲ್ಲಾ ಕ್ರೀಡಾಂಗಣದಲ್ಲಿ ನಡಿಗೆ.

ಕೊಬ್ಬು ಕರಗಿಸುತ್ತದೆಂದು ಮಾರುವ ಎಲ್-ಕಾರ್ನಿಟಿನ್ ಬಗ್ಗೆಯೂ ಕೇಳುತ್ತಾರೆ. ಕೊಬ್ಬಿನ ಆಮ್ಲಗಳನ್ನು ಉರಿಸುವ ಜಾಗಕ್ಕೆ ಅದು ಸಾಗಿಸುವುದು ನಿಜ. ಆದರೆ ಲೈಸಿನ್, ಮೆಥಿಯೊನಿನ್‌ಗಳಿಂದ ದೇಹವೇ ಅದನ್ನು ಮಾಡಿಕೊಳ್ಳುತ್ತದೆ. ಪ್ರಯೋಗಗಳಲ್ಲಿ ಕಂಡ ತೂಕದ ಇಳಿಕೆ ಅಲ್ಪ. ನನ್ನ ಅಂಗಡಿಯಲ್ಲಿ ಅದನ್ನು ಇಟ್ಟಿಲ್ಲ.

ವೇ ಕೊಳ್ಳುವವರಿಗೆ ನಾನು ಒತ್ತಿ ಹೇಳುವ ಮಾತೊಂದಿದೆ. ಪ್ರಯೋಗಾಲಯದಲ್ಲಿ ಪ್ರೋಟೀನನ್ನು ಸಾಮಾನ್ಯವಾಗಿ ನೇರವಾಗಿ ಅಳೆಯುವುದಿಲ್ಲ. ಸಾರಜನಕವನ್ನು ಅಳೆದು 6.25ರಿಂದ ಗುಣಿಸುತ್ತಾರೆ. ಅಗ್ಗದ ಅಮೈನೊ ಆಮ್ಲಗಳಾದ ಗ್ಲೈಸಿನ್, ಟಾರಿನ್ ಬೆರೆಸಿದರೂ ಸಾರಜನಕ ಏರುತ್ತದೆ, ಚೀಟಿಯ ಮೇಲೆ ಪ್ರೋಟೀನಿನ ಅಂಕಿಯೂ ಏರುತ್ತದೆ. ಪದಾರ್ಥಗಳ ಪಟ್ಟಿಯಲ್ಲಿ ಇವು ಬೇರೆಯಾಗಿ ಕಂಡರೆ ಡಬ್ಬಿಯನ್ನು ಕೆಳಗಿಡಿ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಗುರುತು, 14 ಅಂಕಿಯ ಪರವಾನಗಿ ಸಂಖ್ಯೆ ಇಲ್ಲದ್ದನ್ನು ಮುಟ್ಟಲೇ ಬೇಡಿ.

ಬಿಸಿಎಎ ನಿಜವಾಗಿ ಬೇಕಾದವರೂ ಇದ್ದಾರೆ. ಲಿವರ್ ಸಿರೋಸಿಸ್ ಇರುವ ಕೆಲವರಿಗೆ ವೈದ್ಯರು ಅದನ್ನು ಬರೆದುಕೊಡುತ್ತಾರೆ. ಅಲ್ಲಿ ಅದು ಚಿಕಿತ್ಸೆ, ಅದರಲ್ಲಿ ಅನುಮಾನವಿಲ್ಲ. ಮೂತ್ರಪಿಂಡದ ತೊಂದರೆ ಇರುವವರು ವೇ ಆಗಲಿ ಅಮೈನೊ ಆಮ್ಲವಾಗಲಿ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಎಪ್ಪತ್ತು ದಾಟಿದ ನಮ್ಮ ಅತ್ತೆಯವರಿಗೆ ನಾನು ಬೆಳಿಗ್ಗೆ ಮೊಟ್ಟೆ ಕೊಡಲು ಆರಂಭಿಸಿದ್ದೇನೆ. ವಯಸ್ಸಾದಂತೆ ಅಷ್ಟೇ ಪ್ರೋಟೀನಿಗೆ ಸ್ನಾಯು ಕಡಿಮೆ ಸ್ಪಂದಿಸುತ್ತದೆ, ಹಸಿವೆಯೂ ತಗ್ಗುತ್ತದೆ. ಜಿಮ್ಮಿನ ಹುಡುಗರಿಗಿಂತ ಅವರ ತಾಟಿನ ಬಗ್ಗೆ ನನಗೆ ಹೆಚ್ಚು ಚಿಂತೆ.

ಅಮೈನೊ ಆಮ್ಲಗಳ ಬಳಗದಲ್ಲಿ ನಾನು ದಿನವೂ ತೆಗೆದುಕೊಳ್ಳುವುದು ಒಂದೇ: ಕ್ರಿಯಾಟಿನ್ ಮೊನೊಹೈಡ್ರೇಟ್, 3 ಗ್ರಾಂ. ಆರ್ಜಿನಿನ್, ಗ್ಲೈಸಿನ್, ಮೆಥಿಯೊನಿನ್‌ಗಳಿಂದ ದೇಹ ತಯಾರಿಸುವ ವಸ್ತು ಅದು, ಬಲ ಹೆಚ್ಚಿಸುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿದೆ. ಆರಂಭದ ವಾರಗಳಲ್ಲಿ ಸ್ನಾಯುವಿನಲ್ಲಿ ನೀರು ಸೇರಿ ತೂಕ ಒಂದೆರಡು ಕಿಲೋ ಏರಬಹುದು. ಅದು ಕೊಬ್ಬಲ್ಲ. ಆಗ ತಕ್ಕಡಿಯನ್ನು ಬಿಟ್ಟು ಸೊಂಟಕ್ಕೆ ಟೇಪು ಹಿಡಿಯಿರಿ.