ಫಿಸಿಯಾಲಜಿ ಪೇಪರ್‌ಗೆ ವಿಷಯ ಹುಡುಕುತ್ತಿದ್ದೀರಾ?

"ಹೃದಯ ಮತ್ತು ವ್ಯಾಯಾಮ" ಅಂತ ಸುಮ್ನೆ ಇಟ್ಟುಕೊಂಡರೆ ಮುಗಿಯುವುದೇ ಇಲ್ಲ. ಮೊದಲು ನಿಮ್ಮ ಲ್ಯಾಬಿನಲ್ಲಿ ಏನನ್ನು ಅಳೆಯಬಹುದು ಅಂತ ನೋಡಿ. ಬಿಪಿ ನೋಡುವ ಉಪಕರಣ, ಐಸ್ ನೀರು, ಗಡಿಯಾರ ಇದ್ದರೆ ಕೋಲ್ಡ್ ಪ್ರೆಸರ್ ಟೆಸ್ಟ್ ಆಗುತ್ತದೆ. ಕೈಯನ್ನು ಐಸ್ ನೀರಿನಲ್ಲಿ ಒಂದು ನಿಮಿಷ ಅದ್ದಿದರೆ ಸಿಂಪಥೆಟಿಕ್ ನರಗಳು (ದೇಹವನ್ನು ತುರ್ತಿಗೆ ಸಜ್ಜು ಮಾಡುವ ನರಗಳು) ಚುರುಕಾಗಿ, ರಕ್ತನಾಳ ಬಿಗಿದು, ಬಿಪಿ ಏರುತ್ತದೆ.

ಈಗ ಪ್ರಶ್ನೆಯನ್ನು ಕಿರಿದು ಮಾಡಿ: ಅಪ್ಪನಿಗೋ ಅಮ್ಮನಿಗೋ ಹೈ ಬಿಪಿ ಇರುವ 18ರಿಂದ 22 ವಯಸ್ಸಿನ ವಿದ್ಯಾರ್ಥಿಗಳಲ್ಲಿ ಈ ಏರಿಕೆ ಉಳಿದವರಿಗಿಂತ ಜಾಸ್ತಿಯಾ? ಯಾರು, ಏನು, ಯಾರ ಜೊತೆ ಹೋಲಿಕೆ, ಎಲ್ಲ ಬಂತು ಅಲ್ವಾ? ಹಳೇ ವಿಷಯವೇ, ಪರವಾಗಿಲ್ಲ.

ಮನುಷ್ಯರ ಮೇಲಿನ ಅಧ್ಯಯನಕ್ಕೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿ ಒಪ್ಪುವ ಮೊದಲು ಒಂದು ರೀಡಿಂಗ್ ಕೂಡ ತೆಗೆಯಬೇಡಿ. ಆಗಷ್ಟೇ ಕಾಫಿ ಕುಡಿದು ಬಂದವರನ್ನೂ ಕೂರಿಸಬೇಡಿ, ಕೆಫೀನ್‌ನಿಂದಲೇ ಬಿಪಿ ಏರಬಹುದು.