ಮಾವ ತಂದ ಶೆವರ್ಲೆಯ ಡಬ್ಬಿ ಬಿಚ್ಚಿದ್ದು

ಮೂಲ್ಕಿಯ ಮನೆಯ ಹಂಚು ಇಳಿಸಿ ಟೆರೇಸ್ ಮಾಡುವುದೆಂದು ತೀರ್ಮಾನವಾದ ಮೇಲೆ ಅಟ್ಟ ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಹಿತ್ತಾಳೆ ಹಂಡೆ, ಕಾಲು ಮುರಿದ ತೊಟ್ಟಿಲು, ಒರಲೆ ಹಿಡಿದ ಪಂಚಾಂಗಗಳ ಕಟ್ಟು. ಅದರ ಹಿಂದೆ ಒಂದು ರಟ್ಟಿನ ಡಬ್ಬಿ. ಧೂಳು ಒರೆಸಿದರೆ ಕೆಳಗೆ ಪ್ಲಾಸ್ಟಿಕ್ ಹಾಳೆ ಇನ್ನೂ ಬಿಗಿಯಾಗಿಯೇ ಇತ್ತು. 1957ರ ಶೆವರ್ಲೆ ಬೆಲ್ ಏರ್, 1/25 ಅಳತೆ, ಎಎಂಟಿ ಕಂಪನಿಯ ಕಿಟ್, ಅಂದರೆ ಬಿಡಿ ಭಾಗಗಳನ್ನು ಅಂಟಿಸಿ ಕಟ್ಟುವ ಪ್ಲಾಸ್ಟಿಕ್ ಮಾದರಿ ಕಾರು. ನಾನು ಹತ್ತು ಹನ್ನೆರಡು ವರ್ಷದಿಂದ ಕಾರಿನ ಕಿಟ್ ಜೋಡಿಸುತ್ತಿದ್ದೇನೆ, ಒಂದೊಂದು ಡಬ್ಬಿಗೆ ತಿಂಗಳುಗಟ್ಟಲೆ ಕಾದಿದ್ದೇನೆ, ಆದರೆ ನಮ್ಮದೇ ಅಟ್ಟದಲ್ಲಿ ಹೀಗೊಂದು ಕೂತಿದೆ ಎಂದು ಒಬ್ಬರೂ ಹೇಳಿರಲಿಲ್ಲ ನೋಡಿ!

ಅದು ಮಾವ ತಂದದ್ದು. ಅವರು ಹಡಗಿನ ಎಂಜಿನ್ ರೂಮಿನಲ್ಲಿ ಕೆಲಸ ಮಾಡುತ್ತಿದ್ದರು. ಅಮೆರಿಕದ ಯಾವುದೋ ಬಂದರಿನಲ್ಲಿ ತೆಗೆದುಕೊಂಡರಂತೆ, ಯಾವ ವರ್ಷ ಎಂದು ನೆನಪಿಲ್ಲ. ವರ್ಷವನ್ನು ಡಬ್ಬಿಯೇ ಹೇಳಿತು. ಎಎಂಟಿ ಪಕ್ಕದಲ್ಲಿ ಲೆಸ್ನಿ ಎಂಬ ಹೆಸರಿತ್ತು. ಮ್ಯಾಚ್‌ಬಾಕ್ಸ್ ಕಾರು ಮಾಡುತ್ತಿದ್ದ ಇಂಗ್ಲೆಂಡಿನ ಲೆಸ್ನಿ, 1978ರಲ್ಲಿ ಎಎಂಟಿಯನ್ನು ಕೊಂಡುಕೊಂಡಿತು. ಎಂಬತ್ತರ ದಶಕದ ಆರಂಭದಲ್ಲೇ ಅದು ಅರ್ಟಲ್ ಕಂಪನಿಯ ಕೈ ಸೇರಿತು. ಹಾಗಾಗಿ ಈ ಎರಡೂ ಹೆಸರು ಒಟ್ಟಿಗೆ ಇರುವ ಡಬ್ಬಿ ಆ ಮೂರು ನಾಲ್ಕು ವರ್ಷದ್ದೇ. ಅಂದರೆ ನಲವತ್ತು ದಾಟಿದೆ.

ತುಳುನಾಡಿನ ಹಳೆ ಅಳಿಯಕಟ್ಟಿನ ಲೆಕ್ಕದಲ್ಲಿ ಸೋದರಮಾವನ ಸೊತ್ತು ಸೋದರಳಿಯನಿಗೆ. ಜಾಗವೆಲ್ಲ ಯಾವತ್ತೋ ಪಾಲಾಗಿ ಹೋಗಿದೆ. ನನಗೆ ಬಂದದ್ದು ಇದು.

ಮೊದಲ ವಾರ ಬಿಚ್ಚುವ ಯೋಚನೆಯೇ ಇರಲಿಲ್ಲ. ಮಂಗಳೂರಿನ ಬಿಜೈಯ ಫ್ಲ್ಯಾಟಿಗೆ ತಂದು ಶೋಕೇಸಿನಲ್ಲಿಟ್ಟು ಹೋಗುವಾಗ ಬರುವಾಗ ನೋಡುವುದು, ಅಷ್ಟೇ. ಫೋಟೋ ಕಳಿಸಿದ ಒಂದೇ ದಿನದಲ್ಲಿ ಪರಿಚಯದವರೊಬ್ಬರು 9,000 ರೂಪಾಯಿ ಕೊಡುತ್ತೇನೆ, ಸೀಲ್ ಮಾತ್ರ ಮುಟ್ಟಬೇಡಿ ಎಂದರು. ಆ ಮಾತು ಕೇಳಿದ ಮೇಲೆ ಡಬ್ಬಿ ಮುಟ್ಟಲಿಕ್ಕೇ ಹೆದರಿಕೆ. ಸುಮ್ನೆ ಬಿದ್ದಿದ್ದ ವಸ್ತುವಿಗೆ ಒಬ್ಬರು ರೇಟ್ ಹೇಳಿದ ಕೂಡಲೇ ಅದು ನಮ್ಮದಲ್ಲ ಅಂತ ಅನಿಸಲು ಶುರುವಾಗುತ್ತದೆ, ಅಲ್ವಾ?

ಆದರೆ ಸೀಲ್ ಅಂದರೆ ಏನು ಮಹಾ? ನಮ್ಮ ಬಂದರಿನ ಯಾವ ಪ್ಯಾಕಿಂಗ್ ಅಂಗಡಿಗೆ ಹೋದರೂ ಹತ್ತು ನಿಮಿಷದಲ್ಲಿ ಅಂಥದ್ದೇ ಹಾಳೆ ಸುತ್ತಿ, ಬಿಸಿಗಾಳಿ ಹೊಡೆದು ಬಿಗಿ ಮಾಡಿ ಕೊಡುತ್ತಾರೆ. ಹಳೆ ಕಿಟ್ ಕೊಳ್ಳುವವರು ಇದನ್ನು ಮರೆಯಬಾರದು. ನನ್ನದರಲ್ಲಿ ಸಂಶಯ ಇರಲಿಲ್ಲ. ಹಾಳೆ ಹಳದಿ ತಿರುಗಿತ್ತು, ಅಂಚಿನಲ್ಲಿ ಒಣಗಿದ ಈರುಳ್ಳಿ ಸಿಪ್ಪೆಯ ಹಾಗೆ ಆಗಿತ್ತು, ಅದರ ಬಿಗಿತಕ್ಕೆ ಡಬ್ಬಿಯ ಒಂದು ಮೂಲೆ ಒಳಗೆ ಬಾಗಿತ್ತು. ಅಟ್ಟದಲ್ಲಿ ಯಾರು ಹೋಗಿ ಪುನಃ ಸೀಲ್ ಮಾಡುತ್ತಾರೆ ಮಾರಾಯ್ರೆ!

ಬಿಚ್ಚಬೇಕೋ ಬೇಡವೋ ಅನ್ನುವವರು ಮೊದಲು ಕೇಳಿಕೊಳ್ಳಬೇಕಾದ್ದು ಬೆಲೆಯನ್ನಲ್ಲ. ಈ ಅಚ್ಚು ಇನ್ನೂ ಇದೆಯಾ ಎಂದು. ಪ್ಲಾಸ್ಟಿಕ್ ಕಿಟ್ ಬರುವುದು ಉಕ್ಕಿನ ಅಚ್ಚಿನಿಂದ. ಅಚ್ಚು ಚೆನ್ನಾಗಿದ್ದರೆ ಕಂಪನಿ ಐವತ್ತು ವರ್ಷದ ನಂತರವೂ ಅದೇ ಕಿಟ್ ತೆಗೆಯಬಹುದು. ಎಎಂಟಿ ಈಗ ರೌಂಡ್ ಟು ಎಂಬ ಕಂಪನಿಯ ಕೈಯಲ್ಲಿದೆ. ಅವರು 1957ರ ಬೆಲ್ ಏರ್ ಕಿಟ್ಟನ್ನು ಮತ್ತೆ ಮಾರುಕಟ್ಟೆಗೆ ತಂದಿದ್ದಾರೆ, ಹೊಸ ಡಿಕ್ಯಾಲ್ (ನೀರಿನಲ್ಲಿ ನೆನೆಸಿ ಕಾರಿಗೆ ಅಂಟಿಸುವ ಚಿತ್ರಗಳ ಹಾಳೆ) ಹಾಕಿ. ಹಾಗಿರುವಾಗ ನನ್ನ ಡಬ್ಬಿ ಬಿಚ್ಚಿದರೆ ಜಗತ್ತಿನಿಂದ ಏನೂ ಕಳೆದುಹೋಗುವುದಿಲ್ಲ. ಹೋಗುವುದು ಹಳದಿ ಹಾಳೆ ಮತ್ತು ಒಬ್ಬರ 9,000 ರೂಪಾಯಿ.

ಎಲ್ಲ ಡಬ್ಬಿಗೂ ಇದೇ ಲೆಕ್ಕ ಅಲ್ಲ. ಮಣಿಪಾಲದ ಗೆಳೆಯನೊಬ್ಬನ ಹತ್ತಿರ ಅರವತ್ತರ ದಶಕದ ಕಿಟ್ ಒಂದಿದೆ. ಆಗ ಎಎಂಟಿ ಪ್ರತಿ ವರ್ಷ ಆ ವರ್ಷದ ಹೊಸ ಕಾರಿನ ಕಿಟ್ ತರುತ್ತಿತ್ತು. ಮುಂದಿನ ವರ್ಷ ಕಾರಿನ ಗ್ರಿಲ್ಲು, ದೀಪ ಬದಲಾದರೆ ಕೆಲವು ಸಲ ಹಳೆ ಅಚ್ಚನ್ನೇ ಕೆತ್ತಿ ತಿದ್ದುತ್ತಿದ್ದರು. ತಿದ್ದಿದ ಮೇಲೆ ಹಿಂದಿನ ವರ್ಷದ ಕಾರು ಆ ಅಚ್ಚಿನಿಂದ ಪುನಃ ಬರುವುದಿಲ್ಲ, ಮುಗಿಯಿತು. ಅವನು ಬಿಚ್ಚುತ್ತೇನೆ ಎಂದಾಗ ನಾನೇ ಬೈದು ನಿಲ್ಲಿಸಿದೆ. ಕಟ್ಟಲೇಬೇಕು ಎಂಬ ಆಸೆ ಇದ್ದರೆ ಯಾರೋ ಅರ್ಧ ಕಟ್ಟಿ ಬಿಟ್ಟದ್ದನ್ನು ಹುಡುಕಿ ರಿಪೇರಿ ಮಾಡು ಎಂದೆ. ಅವನಿಗೆ ಈಗಲೂ ಸಿಟ್ಟಿದೆ, ನೀನು ಮಾತ್ರ ನಿನ್ನದು ಬಿಚ್ಚಿದ್ದಿಯಲ್ಲ ಎಂದು.

ಇಷ್ಟಾದರೂ ನಾನು ಎರಡು ತಿಂಗಳು ತಳ್ಳಿದೆ. ಕೊನೆಗೆ ನಿದ್ದೆ ಕೆಡಿಸಿದ್ದು ಟಯರು.

ಹಳೆ ಕಿಟ್‌ಗಳ ಟಯರು ಮೆತ್ತಗಿನ ವಿನೈಲ್. ಅದು ಮೆತ್ತಗಿರಲು ಪ್ಲಾಸ್ಟಿಸೈಸರ್ ಎಂಬ ಎಣ್ಣೆಯಂಥದ್ದನ್ನು ಸೇರಿಸಿರುತ್ತಾರೆ. ವರ್ಷ ಕಳೆದ ಹಾಗೆ ಅದು ನಿಧಾನವಾಗಿ ಹೊರಗೆ ಬರುತ್ತದೆ. ಪಕ್ಕದಲ್ಲಿ ಪಾಲಿಸ್ಟೈರೀನ್ ಎಂಬ ಗಟ್ಟಿ ಪ್ಲಾಸ್ಟಿಕ್ ಇದ್ದರೆ ಅದರೊಳಗೆ ಇಳಿದು ಅದನ್ನು ಮೆತ್ತಗೆ ಮಾಡಿ ಕರಗಿಸುತ್ತದೆ. ಕಾರಿನ ಬಾಡಿ, ಚಕ್ರ, ಗಾಜು ಎಲ್ಲ ಪಾಲಿಸ್ಟೈರೀನೇ. ಬಿಸಿ ಜಾಸ್ತಿ ಇದ್ದಷ್ಟೂ ಕೆಲಸ ಬೇಗ. ಏಪ್ರಿಲ್ ಮಧ್ಯಾಹ್ನ ಹಂಚಿನ ಅಡಿಯ ಅಟ್ಟಕ್ಕೆ ಒಮ್ಮೆ ತಲೆ ಹಾಕಿದವರಿಗೆ ಗೊತ್ತು. ಅಂಥ ನಲವತ್ತು ಬೇಸಿಗೆ ಕಳೆದಿವೆ. ಸೀಲ್ ಮಾಡಿದ್ದು ಹಾಗೇ ಉಳಿಯುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ, ಅಲ್ಲಿ ನೋಡಿದರೆ ಒಳಗೊಳಗೇ ಟಯರು ಕಾರನ್ನು ತಿನ್ನುತ್ತಾ ಕೂತಿರಬಹುದು. ಡಬ್ಬಿ ಕಿವಿ ಹತ್ತಿರ ಹಿಡಿದು ಮೆಲ್ಲಗೆ ಅಲುಗಾಡಿಸಿದೆ. ಒಂದೆರಡು ಭಾಗ ಕಳಚಿ ಓಡಾಡುವ ಸದ್ದು. ಟಯರು ಯಾವುದಕ್ಕೆ ಒರಗಿ ಮಲಗಿದೆಯೋ ಸದ್ದಿನಲ್ಲಿ ಹೇಗೆ ಗೊತ್ತಾಗಬೇಕು?

ಮಾವನಿಗೆ ಫೋನ್ ಮಾಡಿದೆ. ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ.

"ಮಾವ, ಅದನ್ನು ಅಷ್ಟು ವರ್ಷ ಎಂತಕ್ಕೆ ಬಿಚ್ಚಲಿಲ್ಲ ನೀವು?"

"ಗಮ್ ಬೇರೆ ತೆಗೊಳ್ಳಬೇಕು ಅಂತ ಡಬ್ಬಿಯಲ್ಲಿ ಬರೆದಿತ್ತು. ನಾನು ನೋಡಿದ್ದು ಹಡಗು ಬಿಟ್ಟ ಮೇಲೆ. ಮುಂದಿನ ಸಲ ತರುವ ಅಂತ ಇಟ್ಟೆ. ಮುಂದಿನ ಸಲ ಮರೆತೆ."

"ಈಗ ಬಿಚ್ಚಲಾ?"

"ಗಮ್ ಉಂಟಾ ನಿನ್ನ ಹತ್ತಿರ?"

ನಾನು ಏನೋ ದೊಡ್ಡ ಕಾರಣ ಇರಬಹುದು ಅಂದುಕೊಂಡಿದ್ದೆ.

ಬಿಚ್ಚಿದ್ದು ಒಂದು ಭಾನುವಾರ ಬೆಳಿಗ್ಗೆ. ಮೊದಲು ಆರೂ ಬದಿಯ ಫೋಟೋ ತೆಗೆದೆ. ಹಾಳೆಯನ್ನು ಮೇಲಿನಿಂದ ಹರಿಯಲಿಲ್ಲ. ಡಬ್ಬಿಯ ಒಂದು ಸಣ್ಣ ಬದಿಯಲ್ಲಿ ಮಾತ್ರ ಹೊಸ ಬ್ಲೇಡಿನಿಂದ ಕೊಯ್ದು, ದಿಂಬಿನ ಕವರಿನಿಂದ ದಿಂಬು ತೆಗೆದ ಹಾಗೆ ಡಬ್ಬಿಯನ್ನು ಎಳೆದೆ. ಬೆಲೆ ಚೀಟಿ ಅಂಟಿದ ಹಾಳೆ ಹಾಗೇ ಉಳಿಯಿತು. ಮುಚ್ಚಳ ಎತ್ತಿದಾಗ ಬಂದ ವಾಸನೆ ಹೊಸ ಶಾಲಾ ಚೀಲದ್ದು. ಬೂಸ್ಟು ಇರಲಿಲ್ಲ, ಕಾಗದ ತಿನ್ನುವ ಹುಳ ಇರಲಿಲ್ಲ. ಇದಕ್ಕೆ ಮಾತ್ರ ಆ ಹಾಳೆಗೆ ಥ್ಯಾಂಕ್ಸ್ ಹೇಳಬೇಕು. ಕರಾವಳಿಯ ನಲವತ್ತು ಮಳೆಗಾಲ ತಡೆದಿದೆ, ಸಣ್ಣ ವಿಷಯ ಅಲ್ಲ.

ಮೊದಲು ಕೈ ಹಾಕಿದ್ದು ಟಯರಿಗೆ. ನಾಲ್ಕರಲ್ಲಿ ಮೂರು ಒಂದು ಮೂಲೆಯಲ್ಲಿ ಸುಮ್ನೆ ಬಿದ್ದಿದ್ದವು. ನಾಲ್ಕನೆಯದು ಹಿಂದಿನ ಗಾಜಿನ ಮೇಲೆ ಕೂತಿತ್ತು. ಎತ್ತಿದರೆ ಬರಲಿಲ್ಲ. ಅಂಟಿಕೊಂಡಿತ್ತು. ಉಗುರು ಕೊಟ್ಟು ಮೆಲ್ಲಗೆ ಎಬ್ಬಿಸಿದಾಗ ಸಣ್ಣ ಟಕ್ ಶಬ್ದ ಬಂತು, ಗಾಜಿನ ಕೆಳಗಂಚಿನ ಹತ್ತಿರ ಟಯರಿನ ಗೀರುಗಳು ಅಚ್ಚೊತ್ತಿದ ಹಾಗೆ ಮೂಡಿದ್ದವು, ಒಂದು ಅರ್ಧಚಂದ್ರ, ಕಡಲೆಬೇಳೆಗಿಂತ ಸ್ವಲ್ಪ ದೊಡ್ಡದು, ಮುಟ್ಟಿದರೆ ಜಿಡ್ಡು. ಇನ್ನು ಹತ್ತು ವರ್ಷ ಬಿಟ್ಟಿದ್ದರೆ ತೂತೇ ಆಗುತ್ತಿತ್ತೇನೋ. 9,000 ಕೊಡುತ್ತೇನೆ ಎಂದವರಿಗೆ ಈ ಫೋಟೋ ಕಳಿಸಿದೆ. ಉತ್ತರ ಬರಲಿಲ್ಲ.

ಗಾಜಿನ ರಿಪೇರಿಗೆ ಮೂರು ಸಂಜೆ ಹೋಯಿತು. 1000, 1500, 2000 ನಂಬರಿನ ವಾಟರ್ ಪೇಪರ್, ಒಂದರ ನಂತರ ಒಂದು, ಪ್ರತಿ ಸಲ ನೀರು ಹಾಕಿ. ಆಮೇಲೆ ದೇವರ ದೀಪ ಉಜ್ಜುವ ಬ್ರಾಸೋ, ಹಳೆ ಬನಿಯನ್ ಬಟ್ಟೆಯಲ್ಲಿ. ಒತ್ತಿ ಉಜ್ಜಬಾರದು, ಬಿಸಿಯಾದರೆ ಪ್ಲಾಸ್ಟಿಕ್ ಮಂಕಾಗುತ್ತದೆ. ಗುರುತು ಹೋಯಿತು ಎಂದು ಹೇಳುವುದಿಲ್ಲ. ಗೊತ್ತಿದ್ದವರು ದೀಪದ ಕೆಳಗೆ ಓರೆ ಮಾಡಿ ಹಿಡಿದರೆ ಕಾಣುತ್ತದೆ. ಟಯರುಗಳನ್ನು ಚಕ್ರಕ್ಕೆ ಹಾಕುವ ಮೊದಲು ಒಳಗಡೆ ಸುತ್ತಲೂ ತೆಳು ಫಾಯಿಲ್ ಪಟ್ಟಿ ಅಂಟಿಸಿದೆ, ಪುನಃ ಅದೇ ಕಥೆ ಆಗದಿರಲಿ ಎಂದು.

ಡಿಕ್ಯಾಲ್ ಹಳದಿಯಾಗಿತ್ತು. ಮೊದಲು ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿಟ್ಟೆ. ಹಾಳಾದರೆ ಮತ್ತೆ ಪ್ರಿಂಟ್ ಹಾಕಿಸಬಹುದಲ್ಲ. ಹಳದಿ ಹೋಗಲು ಸುಲಭ ದಾರಿ ಬಿಸಿಲು: ಡಿಕ್ಯಾಲ್ ಹಾಳೆಯನ್ನು ಕಿಟಕಿಯ ಗಾಜಿಗೆ, ಚಿತ್ರದ ಮುಖ ಹೊರಗೆ ಮಾಡಿ, ಟೇಪ್ ಹಾಕಿ ಅಂಟಿಸುವುದು. ದಿನಕಳೆದ ಹಾಗೆ ಬಿಳಿಯಾಗುತ್ತದೆ. ಆದರೆ ನಾನು ಡಬ್ಬಿ ಬಿಚ್ಚಿದ್ದು ಜುಲೈ ತಿಂಗಳಲ್ಲಿ. ವರ್ಷಕ್ಕೆ 3500 ಮಿಲಿಮೀಟರ್ ಮೀರಿ ಮಳೆ ಸುರಿಯುವ ಮಂಗಳೂರಿನಲ್ಲಿ ಜುಲೈಯಲ್ಲಿ ಬಿಸಿಲು ಹುಡುಕುವುದು! ನವರಾತ್ರಿ ಕಳೆಯುವವರೆಗೆ ಕಾದೆ. ಆಮೇಲೆ ಎರಡು ವಾರದಲ್ಲಿ ಹಳದಿ ಬಿಟ್ಟಿತು. ನೀರಿಗೆ ಹಾಕುವ ಮೊದಲು ಬೇಡದ ಒಂದು ರೇಸ್ ನಂಬರನ್ನು ಕತ್ತರಿಸಿ ಸ್ಟೀಲ್ ತಟ್ಟೆಯ ಉಗುರು ಬೆಚ್ಚಗಿನ ನೀರಿನಲ್ಲಿ ಬಿಟ್ಟು ನೋಡಿದೆ. ಹಪ್ಪಳದ ಹಾಗೆ ಮೂರು ಚೂರಾಯಿತು. ಉಳಿದ ಹಾಳೆಗೆ ತೆಳುವಾಗಿ ಕ್ಲಿಯರ್ ಸ್ಪ್ರೇ ಹೊಡೆದು ಒಂದು ದಿನ ಒಣಗಿಸಿದೆ. ಹೀಗೆ ಮಾಡಿದರೆ ಇಡೀ ಹಾಳೆ ಒಂದೇ ಪದರ ಆಗುವುದರಿಂದ ಪ್ರತಿ ಚಿತ್ರವನ್ನೂ ಅಂಚಿಗೆ ಸರಿಯಾಗಿ ಕತ್ತರಿಸಬೇಕು, ಇದನ್ನು ಮರೆತು ಒಂದನ್ನು ಕೆಡಿಸಿದೆ.

ಬಣ್ಣದ ವಿಷಯದಲ್ಲಿ ತಪ್ಪು ಪೂರ್ತಿ ನನ್ನದೇ. ಆಗಸ್ಟಿನಲ್ಲಿ ಎರಡು ದಿನ ಮಳೆ ಬಿಟ್ಟಿತು ಎಂದು ಬಾನೆಟ್‌ಗೆ ಮಾತ್ರ ಎನ್‌ಸಿ ಪೈಂಟ್, ಅಂದರೆ ಗ್ಯಾರೇಜಿನವರು ಗಾಡಿಗೆ ಹೊಡೆಯುವ ತಿನ್ನರ್ ಬಣ್ಣ, ಹೊಡೆದೆ. ಐದು ನಿಮಿಷದಲ್ಲಿ ಮಂಜು ಕವಿದ ಹಾಗೆ ಬಿಳಿಯಾಯಿತು. ತಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಇಳಿದು ಬಣ್ಣದಲ್ಲೇ ಸಿಕ್ಕಿಕೊಳ್ಳುತ್ತದೆ. ಗೊತ್ತಿತ್ತು ನನಗೆ. ಗೊತ್ತಿದ್ದೂ ಹೊಡೆದೆ. ತೆಗೆದು, ಡಿಸೆಂಬರ್ ತನಕ ಬಣ್ಣದ ಕೆಲಸಕ್ಕೆ ಕೈ ಹಾಕಲಿಲ್ಲ. ಗ್ಯಾರೇಜಿನ ಪೈಂಟು ಬರಿಯ ಪ್ಲಾಸ್ಟಿಕ್ ಮೇಲೆ ನೇರ ಬಿದ್ದರೆ ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಅದಕ್ಕೆ ಬಾಡಿಯನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು, ಪ್ಲಾಸ್ಟಿಕ್ ಕಿಟ್‌ನ ಪ್ರೈಮರ್ ಎರಡು ಸಲ ಹಾಕಿ, ಆಮೇಲೆ ಬಣ್ಣವನ್ನು ಪನ್ನೀರು ಚಿಮುಕಿಸಿದ ಹಾಗೆ ತೆಳು ತೆಳುವಾಗಿ. 1957ರ ಶೆವರ್ಲೆಯ ಹಸಿರು-ನೀಲಿ ಬಣ್ಣ, ಮೇಲ್ಛಾವಣಿ ಕೆನೆ ಬಿಳಿ. ಬಣ್ಣ ಮಿಕ್ಸ್ ಮಾಡುವ ಅಂಗಡಿಯವರು ಯಾವ ಗಾಡಿಗೆ ಎಂದು ಕೇಳಿದರು. ಅಂಗೈಯಷ್ಟು ದೊಡ್ಡ ಗಾಡಿಗೆ ಎಂದೆ. ನಗದೆ 100 ಎಂಎಲ್ ಕಲಸಿ ಕೊಟ್ಟರು.

ಜೋಡಿಸುವುದರಲ್ಲಿ ಹೇಳುವಂಥದ್ದೇನೂ ಇಲ್ಲ. ಆ ಕಾಲದ ಕಿಟ್, ಭಾಗ ಕಡಿಮೆ, ಅಂಚಿನಲ್ಲಿ ಪ್ಲಾಸ್ಟಿಕ್ ಚೂರು ಜಾಸ್ತಿ, ಕೆರೆದು ಕೆರೆದು ಕೂರಿಸಬೇಕು. ಕಷ್ಟ ಆದದ್ದು ಬೆಲ್ ಏರ್‌ನ ಹಿಂಬದಿ ಪಕ್ಕದಲ್ಲಿ ಬರುವ ಉದ್ದ ಗೆರೆಗಳ ಬೆಳ್ಳಿ ಪಟ್ಟಿ. ಬೇರ್ ಮೆಟಲ್ ಫಾಯಿಲ್ ಎಂಬ ಅಂಟಿರುವ ತೆಳು ಲೋಹದ ಹಾಳೆ ಹಾಕಿ, ಹಲ್ಲುಕಡ್ಡಿಯ ತುದಿಯಿಂದ ಒಂದೊಂದು ಗೆರೆಯೊಳಗೂ ಒತ್ತಿ ಕೂರಿಸಿದೆ. ಎಡಗಡೆಯದ್ದು ಎರಡನೇ ಸಲಕ್ಕೆ ಬಂತು, ಬಲಗಡೆಯದ್ದು ಐದನೇ ಸಲಕ್ಕೆ.

ಫೆಬ್ರವರಿಯಲ್ಲಿ ಮೂಲ್ಕಿಗೆ ತೆಗೆದುಕೊಂಡು ಹೋದೆ. ಮಾವ ಚಾವಡಿಯಲ್ಲಿ ಕೂತಿದ್ದರು. ಕನ್ನಡಕ ಹಾಕಿಕೊಂಡು, ಕಾರನ್ನು ಅಂಗೈಯಲ್ಲಿಟ್ಟು, ಎಂಜಿನ್ ನೋಡುವವರ ಹಾಗೆ ಅಡಿಗೆ ತಿರುಗಿಸಿ ನೋಡಿದರು. ಪೆಟ್ರೋಲ್ ಮುಚ್ಚಳ ಎಲ್ಲಿ ಎಂದು ಕೇಳಿದರು. ಈ ಕಾರಿನಲ್ಲಿ ಅದು ಹೊರಗೆ ಕಾಣುವುದಿಲ್ಲ, ಎಡಗಡೆ ಬಾಲದ ರೆಕ್ಕೆಯ ಹಿಂದಿನ ಕ್ರೋಮ್ ಪಟ್ಟಿಯ ಒಳಗೆ ಅಡಗಿಸಿಟ್ಟಿದ್ದಾರೆ ಎಂದೆ. ಅದು ಅವರಿಗೆ ಇಷ್ಟವಾಯಿತು. ಬಾನೆಟ್ ಎತ್ತಿ ಎಂಟು ಸಿಲಿಂಡರಿನ ಎಂಜಿನ್ ನೋಡಿದರು. ಹಿಂದಿನ ಗಾಜಿನ ಗುರುತು ಕಾಣಲೇ ಇಲ್ಲ. ಆಮೇಲೆ ಉಗುರಿನಿಂದ ಬಾಗಿಲಿನ ಗೆರೆ ಎಬ್ಬಿಸಲು ನೋಡಿದರು.

"ಬಾಗಿಲು ತೆರೆಯುದಿಲ್ವಾ ಇದರದ್ದು?"

"ಇಲ್ಲ ಮಾವ. ಎಎಂಟಿಯದ್ದರಲ್ಲಿ ಬಾಗಿಲು ಬಾಡಿಗೇ ಸೇರಿರುತ್ತದೆ. ರೆವೆಲ್ ಕಂಪನಿಯ 57ರಲ್ಲಿ ತೆರೆಯುತ್ತದೆ. ಆದರೆ ಅದನ್ನು ಸರಿ ಕೂರಿಸುವುದು ದೊಡ್ಡ ಮಂಡೆಬಿಸಿ."

"ಓ, ಹಾಗಾ," ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಗಡಿಯಲ್ಲಿ ಅದೂ ಇತ್ತೇನೋ. ನಾನು ಚಿತ್ರ ನೋಡಿ ಇದನ್ನು ತೆಗೊಂಡೆ."