ಪ್ರತಿಮೆ ತೋರಿಸೋಕೆ ಹೊರಟು ಖಾಲಿ ಜಾಗದಲ್ಲಿ ನಿಲ್ಲಿಸುತ್ತೇನೆ

ಭಾನುವಾರ ಬೆಳಗ್ಗೆ ಆಸಕ್ತರನ್ನು ಕರೆದುಕೊಂಡು ಬೆಂಗಳೂರಿನ ಪ್ರತಿಮೆಗಳನ್ನು ತೋರಿಸುವುದು ನನ್ನ ಕೆಲಸ. ಕಬ್ಬನ್ ಪಾರ್ಕಿನ ವಿಕ್ಟೋರಿಯಾ ರಾಣಿಯಿಂದ ಶುರು ಮಾಡೋದು ಸುಲಭ. ಆದರೆ ಅಲ್ಲಿ ನಿಂತ ಕೂಡಲೇ "ಸಾರ್, ಇವಳನ್ನ ಇನ್ನೂ ಯಾಕೆ ಇಟ್ಕೊಂಡಿದ್ದೀವಿ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಆಮೇಲೆ ಬರೀ ವಾದ, ನೋಡೋದು ಏನೂ ಆಗಲ್ಲ.

ಅದಕ್ಕೇ ನಾನು ಹಡ್ಸನ್ ಸರ್ಕಲ್‌ನಿಂದ ಹೊರಡುತ್ತೇನೆ. ಲ್ಯಾಮಿನೇಟ್ ಮಾಡಿಸಿದ ಹಳೇ ಫೋಟೋ ಕೈಗೆ ಕೊಟ್ಟು, "ಈ ಕಂಬ ಎಲ್ಲಿದೆ, ಹುಡುಕಿ" ಅನ್ನುತ್ತೇನೆ. ಎಲ್ಲರೂ ಸುತ್ತಮುತ್ತ ಕಣ್ಣಾಡಿಸುತ್ತಾರೆ. ಎಲ್ಲಿ ಸಿಗಬೇಕು? ಮೈಸೂರು ಯುದ್ಧಗಳಲ್ಲಿ ಸತ್ತ ಬ್ರಿಟಿಷ್ ಅಧಿಕಾರಿಗಳ ನೆನಪಿಗೆ ನಿಲ್ಲಿಸಿದ್ದ ಸೆನೊಟಾಫ್ ಅದು. ಕನ್ನಡ ಹೋರಾಟಗಾರರ ಒತ್ತಾಯದ ಮೇಲೆ 1964ರಲ್ಲಿ ಕೆಡವಿದರು. ಸೆನೊಟಾಫ್ ರೋಡ್ ನೃಪತುಂಗ ರಸ್ತೆ ಆಯಿತು. ಕಾರ್ಪೊರೇಷನ್ ಮುಂದೆ ಈಗ ಕೆಂಪೇಗೌಡರು ನಿಂತಿದ್ದಾರೆ. ಸರ್ಕಲ್‌ಗೆ ಮಾತ್ರ ಪಾದ್ರಿ ಹಡ್ಸನ್ ಹೆಸರೇ ಉಳಿದಿದೆ, ಕನ್ನಡ ಶಾಲೆಗಳಿಗೆ ದುಡಿದ ಮನುಷ್ಯ.

ಖಾಲಿ ಜಾಗ ನೋಡಿದವರು ರಾಣಿಯನ್ನು ಬೇರೆ ಥರ ನೋಡುತ್ತಾರೆ. ಬಲಗೈಯಲ್ಲಿ ರಾಜದಂಡ, ಎಡಗೈಯಲ್ಲಿ ಶಿಲುಬೆ ಇರುವ ಗೋಳ. ಕಿರೀಟದ ಮೇಲೆ ಕೂತ ಪಾರಿವಾಳದ್ದೇ ನಿಜವಾದ ಆಳ್ವಿಕೆ! ಥಾಮಸ್ ಬ್ರಾಕ್ ಕೆತ್ತಿದ ಅಮೃತಶಿಲೆ, 1906ರಲ್ಲಿ ಅನಾವರಣ ಆದದ್ದು. ಜನರಿಂದ ಚಂದಾ ಎತ್ತಿ, ಕಡಿಮೆ ಬಿದ್ದದ್ದನ್ನು ಮೈಸೂರು ಮಹಾರಾಜರು ತುಂಬಿದರು ಎಂದರೆ ಗುಂಪು ಸ್ವಲ್ಪ ಸುಮ್ಮನಾಗುತ್ತದೆ. ಬರೀ ಪರಕೀಯರ ಕೆಲಸ ಅಂತ ತಳ್ಳಿಹಾಕೋಕೆ ಆಗಲ್ಲ ಅಲ್ವಾ?

ಮೈಸೂರಿನ ಬ್ರಿಟಿಷ್ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕುದುರೆ ಮೇಲೆ ಕೂತ ಪ್ರತಿಮೆಯದ್ದು ಇನ್ನೊಂದು ಕಥೆ. ಮೊದಲು ಪರೇಡ್ ಮೈದಾನದಲ್ಲಿತ್ತು, ಆಮೇಲೆ ಅಠಾರಾ ಕಚೇರಿ (ಈಗಿನ ಹೈಕೋರ್ಟ್) ಮುಂದೆ ಬಂತು, 2020ರಲ್ಲಿ ಪಾರ್ಕಿನೊಳಗೆ ಹೋಯಿತು. ನನ್ನನ್ನು ಕೇಳಿದರೆ ಇದೇ ಸರಿಯಾದ ದಾರಿ. ಮುಖ್ಯ ಜಾಗ ನಮ್ಮವರಿಗೆ ಬಿಡಿ, ಹಳೆಯದನ್ನು ಒಡೆಯದೆ ಪಕ್ಕಕ್ಕಿಡಿ. ಸೆನೊಟಾಫ್ ಉಳಿದಿದ್ದರೆ, ಅದರ ಮೇಲೆ ಯಾರ ಹೆಸರಿತ್ತು, ಯಾರದಿರಲಿಲ್ಲ ಅಂತ ಬೆರಳಿಟ್ಟು ತೋರಿಸಬಹುದಿತ್ತು.

ದೆಹಲಿಯ ಉದಾಹರಣೆ ಇಲ್ಲೇ ಹೇಳಿಬಿಡುತ್ತೇನೆ. ಇಂಡಿಯಾ ಗೇಟ್ ಬಳಿಯ ಮಂಟಪದಲ್ಲಿದ್ದ ಐದನೇ ಜಾರ್ಜ್ ಪ್ರತಿಮೆಯನ್ನು 1968ರಲ್ಲಿ ತೆಗೆದು ಕಾರೊನೇಷನ್ ಪಾರ್ಕಿಗೆ ಸಾಗಿಸಿದರು. ಮಂಟಪ ಐವತ್ತು ವರ್ಷಕ್ಕೂ ಜಾಸ್ತಿ ಖಾಲಿ ಇತ್ತು. 2022ರಲ್ಲಿ 28 ಅಡಿ ಎತ್ತರದ ನೇತಾಜಿ ಅಲ್ಲಿಗೆ ಬಂದರು. ಆ ಗ್ರಾನೈಟ್ ಪ್ರತಿಮೆ ಕೆತ್ತಿದ್ದು ಮೈಸೂರಿನ ಅರುಣ್ ಯೋಗಿರಾಜ್ ಅಂದಾಗ, ಮೊಬೈಲ್ ನೋಡುತ್ತಿದ್ದವರೂ ತಲೆ ಎತ್ತುತ್ತಾರೆ.

ಕೊನೆಗೆ ಎಂ.ಜಿ. ರಸ್ತೆಯ ಗಾಂಧಿ ಪ್ರತಿಮೆ. 1948ರವರೆಗೆ ಇದು ಸೌತ್ ಪರೇಡ್. "ಹಾಗಾದ್ರೆ ಹಡ್ಸನ್ ಸರ್ಕಲ್ ನಡುವೆ ಚೆನ್ನಮ್ಮನನ್ನೋ ರಾಯಣ್ಣನನ್ನೋ ನಿಲ್ಲಿಸಬಹುದಲ್ವಾ?" ಅನ್ನುವ ಪ್ರಶ್ನೆ ಇಲ್ಲಿ ಬರುತ್ತದೆ. ರಸ್ತೆ, ಫುಟ್‌ಪಾತ್‌ಗಳಲ್ಲಿ ಹೊಸ ಪ್ರತಿಮೆಗೆ ಅನುಮತಿ ಕೊಡಬೇಡಿ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ ಅನ್ನುತ್ತೇನೆ. ಅಷ್ಟಕ್ಕೆ ಯಾರೂ ಒಪ್ಪುವುದಿಲ್ಲ. ಚರ್ಚೆ ಚರ್ಚ್ ಸ್ಟ್ರೀಟಿನ ಕಾಫಿವರೆಗೂ ಬರುತ್ತದೆ.